ಕಡೇ ಐದು ಪರ್ಸೆಂಟ್ ಶಾಲೆಗಳು: ಗೆರೆ ಎಳೆಯೋದು ಯಾರು, ಎಲ್ಲಿ?

ಎಲ್ರಿಗೂ ನಮಸ್ಕಾರ. ಟಾಪಿಕ್ ಕೇಳಿದ್ರೆ ಆಫೀಸ್ ಸರ್ಕ್ಯುಲರ್ ಥರ ಇದೆ, ನಂಗೊತ್ತು. ಕಲಿಕೆಯಲ್ಲಿ ಹಿಂದುಳಿದಿರೋ ಸರ್ಕಾರಿ ಶಾಲೆಗಳನ್ನ ಗುರುತಿಸಿ ಅವಕ್ಕೆ ಸುಧಾರಣೆ ದುಡ್ಡು ಕೊಡೋದು. ಆದ್ರೆ ಅಮೆರಿಕದಲ್ಲಿ ಈ ಕೆಲಸಕ್ಕಂತಲೇ ಇದ್ದ ಒಂದೇ ಒಂದು ಸ್ಕೀಮಿಗೆ ಸುಮಾರು 700 ಕೋಟಿ ಡಾಲರ್ ಹೋಗಿದೆ, ಇವತ್ತು ನಾನು ಮಾತಾಡೋದು ಆ ದುಡ್ಡಿನ ಬಗ್ಗೆ ಅಷ್ಟಲ್ಲ, ದುಡ್ಡು ಯಾರಿಗೆ ಅಂತ ತೀರ್ಮಾನ ಮಾಡಿದ ಪಟ್ಟಿ ಬಗ್ಗೆ.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ ಒಂದು ಶಿಕ್ಷಣ ಕಾಯ್ದೆ ಬಂತು, ಅದರಲ್ಲಿ ಟೈಟಲ್ ಒನ್ ಅನ್ನೋ ಭಾಗ ಬಡ ಮಕ್ಕಳು ಜಾಸ್ತಿ ಇರೋ ಶಾಲೆಗಳಿಗೆ ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ ದುಡ್ಡು ಕೊಡುತ್ತೆ. ಅಲ್ಲಿ ಲೆಕ್ಕ ಸಿಂಪಲ್, ಬಡತನ ಎಷ್ಟಿದೆ ಅಂತ ನೋಡಿದ್ರೆ ಸಾಕು. ಆಮೇಲೆ 2002ರಲ್ಲಿ ಅಧ್ಯಕ್ಷ ಬುಷ್ ಸಹಿ ಹಾಕಿದ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಅನ್ನೋ ಕಾಯ್ದೆ ಬಂತು ನೋಡಿ, ಅಲ್ಲಿಂದ ಪರೀಕ್ಷೆ ಮಾರ್ಕ್ಸ್ ಒಳಗೆ ಬಂತು. 2014ರ ಹೊತ್ತಿಗೆ ಎಲ್ಲಾ ಮಕ್ಕಳೂ, ಅಂದ್ರೆ ನೂರಕ್ಕೆ ನೂರು, ಓದು ಮತ್ತು ಗಣಿತದಲ್ಲಿ ಪಾಸ್ ಮಟ್ಟ ಮುಟ್ಟಿರಬೇಕು ಅಂತ ಟಾರ್ಗೆಟ್. ಪ್ರತಿ ವರ್ಷ ಮೆಟ್ಟಿಲು ಮೇಲೇರ್ತಾ ಹೋಯ್ತು, ಶಾಲೆಗಳು ಬೀಳ್ತಾ ಹೋದ್ವು. 2011ರಲ್ಲಿ ಶಿಕ್ಷಣ ಕಾರ್ಯದರ್ಶಿ ಆರ್ನೆ ಡಂಕನ್ ಸಂಸತ್ತಿನ ಮುಂದೆ, ಹೀಗೇ ಆದ್ರೆ ಈ ವರ್ಷ ನೂರಕ್ಕೆ 82 ಶಾಲೆ ಫೇಲ್ ಆಗಬಹುದು ಅಂದ್ರು. ಅಷ್ಟಾಗಲಿಲ್ಲ, ಆದ್ರೂ ಹತ್ತತ್ರ ಅರ್ಧದಷ್ಟು ಶಾಲೆ ಫೇಲ್ ಆದ್ವು. ಊರಿಗೆ ಊರೇ ಜ್ವರ ಅಂತ ಮಲಗಿದ್ರೆ ಡಾಕ್ಟರು ಯಾರ ಮನೆಗೆ ಮೊದಲು ಹೋಗಬೇಕು ಹೇಳಿ?

ಅದಕ್ಕೇ ಅಷ್ಟೊತ್ತಿಗಾಗ್ಲೇ ಒಬಾಮ ಸರ್ಕಾರ ಬೇರೆ ದಾರಿ ಹಿಡಿದಿತ್ತು. 2009ರ ಆರ್ಥಿಕ ಪ್ಯಾಕೇಜಿನಲ್ಲಿ ಸ್ಕೂಲ್ ಇಂಪ್ರೂವ್‌ಮೆಂಟ್ ಗ್ರಾಂಟ್ ಅನ್ನೋ ಸ್ಕೀಮಿಗೆ ಒಮ್ಮೆಲೇ 300 ಕೋಟಿ ಡಾಲರ್ ಸುರಿದ್ರು. ಯಾರಿಗೆ? ಪ್ರತಿ ರಾಜ್ಯದಲ್ಲೂ ಕಟ್ಟಕಡೇ ಐದು ಪರ್ಸೆಂಟಿಗೆ, ಜೊತೆಗೆ ನೂರಕ್ಕೆ 60ಕ್ಕಿಂತ ಕಮ್ಮಿ ಮಕ್ಕಳು ಡಿಪ್ಲೊಮಾ, ಅಂದ್ರೆ ಹೈಸ್ಕೂಲ್ ಮುಗಿಸಿದ ಸರ್ಟಿಫಿಕೇಟ್ ತಗೊಂಡು ಹೊರಬರ್ತಿದ್ದ ಹೈಸ್ಕೂಲುಗಳಿಗೆ. ಆಯ್ಕೆಯಾದ ಒಂದು ಶಾಲೆಗೆ ವರ್ಷಕ್ಕೆ 20 ಲಕ್ಷ ಡಾಲರ್‌ವರೆಗೆ, ಮೂರು ವರ್ಷ. ಕಮ್ಮಿ ದುಡ್ಡಲ್ಲ.

ಈಗ ನಿಧಾನಕ್ಕೆ ಬರೋಣ, ಯಾಕಂದ್ರೆ ಮಜಾ ಇರೋದು ಇಲ್ಲೇ. ಕಡೇ ಐದು ಪರ್ಸೆಂಟ್ ಅಂದ್ರೆ ಏನು? ಮಾರ್ಕ್ಸ್ ಲೈನಲ್ಲಿ ನಿಲ್ಲಿಸಿದ್ರೆ ಕೊನೇಲಿ ಯಾರೋ ಇದ್ದೇ ಇರ್ತಾರೆ. ರಾಜ್ಯದ ಎಲ್ಲಾ ಶಾಲೆಗಳೂ ಚೆನ್ನಾಗಾದ್ರೂ ಕಡೇ ಐದು ಪರ್ಸೆಂಟ್ ಇರುತ್ತೆ, ಎಲ್ಲಾ ಹಾಳಾದ್ರೂ ಅಷ್ಟೇ ಇರುತ್ತೆ. ಸರಿ, ದುಡ್ಡು ಲಿಮಿಟೆಡ್ ಇದ್ದಾಗ ಹೀಗೆ ಮಾಡೋದ್ರಲ್ಲಿ ಒಂದು ಅರ್ಥ ಇದೆ, ನಾನು ಒಪ್ತೀನಿ. ಆದ್ರೆ ಲೈನಲ್ಲಿ ನಿಲ್ಲಿಸೋದು ಯಾವ ಅಳತೆ ಮೇಲೆ?

ಎರಡು ಶಾಲೆ ಊಹಿಸ್ಕೊಳ್ಳಿ. ಮೊದಲನೇ ಶಾಲೆಗೆ ಆರನೇ ಕ್ಲಾಸಿಗೆ ಬರೋ ಮಕ್ಕಳು ಮೂರನೇ ಕ್ಲಾಸ್ ಮಟ್ಟದಲ್ಲಿ ಓದ್ತಿರ್ತಾರೆ, ಎಂಟನೇ ಕ್ಲಾಸ್ ಮುಗಿಸಿ ಹೋಗುವಾಗ ಏಳನೇ ಕ್ಲಾಸ್ ಮಟ್ಟ. ಮೂರು ವರ್ಷದಲ್ಲಿ ನಾಲ್ಕು ವರ್ಷದ ಕಲಿಕೆ ಆಗಿದೆ, ಆ ಟೀಚರ್‌ಗಳಿಗೆ ಕೈ ಮುಗೀಬೇಕು. ಎರಡನೇ ಶಾಲೆಗೆ ಮಕ್ಕಳು ಬರುವಾಗ್ಲೇ ಏಳನೇ ಕ್ಲಾಸ್ ಮಟ್ಟದಲ್ಲಿರ್ತಾರೆ, ಹೋಗುವಾಗ ಎಂಟು ದಾಟಿರ್ತಾರೆ ಅಷ್ಟೇ. ವರ್ಷದ ಕೊನೇ ಪರೀಕ್ಷೇಲಿ ಎಷ್ಟು ಮಕ್ಕಳು ಪಾಸ್ ಅಂತ ಮಾತ್ರ ನೋಡಿದ್ರೆ ಮೊದಲನೇ ಶಾಲೆ ಪಟ್ಟಿಗೆ ಬೀಳುತ್ತೆ, ಎರಡನೇದು ಮೆಡಲ್ ಹಾಕ್ಕೊಂಡು ಓಡಾಡುತ್ತೆ. ಅಂದ್ರೆ ನೀವು ಅಳೆದಿದ್ದು ಶಾಲೇನ, ಮಕ್ಕಳ ಮನೆ ಪರಿಸ್ಥಿತೀನ? 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಸರ್ಕಾರಕ್ಕೆ ಕೊಟ್ಟ ಶಾಲೆಗಳ ವರದಿ ಕಾಲದಿಂದ್ಲೂ ಇದೇ ಜಗಳ, ಮಾರ್ಕ್ಸಲ್ಲಿ ಕುಟುಂಬದ ಪಾಲು ತುಂಬಾ ದೊಡ್ಡದು ಅಂತ ಅವತ್ತೇ ಹೇಳಿದ್ರು.

ಇಲ್ಲಿ ಕೆಲವರು ಥಟ್ಟಂತ, ಹಾಗಾದ್ರೆ ಪ್ರಗತಿ ಅಳೀರಿ ಅಂತಾರೆ. ಅಳೀಬೇಕು, ಆದ್ರೆ ಅದಕ್ಕೂ ಒಂದು ಕಾಯಿಲೆ ಇದೆ, ಅದು ಒಂದು ವರ್ಷ ಮೇಲೆ ಒಂದು ವರ್ಷ ಕೆಳಗೆ ಕುಣೀತಾ ಇರುತ್ತೆ, ಅದರಲ್ಲೂ ಚಿಕ್ಕ ಶಾಲೆಗಳಲ್ಲಿ. 20 ಮಕ್ಕಳು ಪರೀಕ್ಷೆ ಬರೆದ್ರೆ ಒಂದು ಮಗು ಅಂದ್ರೆ 5 ಪರ್ಸೆಂಟ್, 200 ಮಕ್ಕಳಿದ್ರೆ ಅದೇ ಮಗು ಅರ್ಧ ಪರ್ಸೆಂಟ್. ಪರೀಕ್ಷೆ ದಿನ ಇಬ್ಬರಿಗೆ ಹುಷಾರಿಲ್ಲ ಅಂದ್ರೆ ಚಿಕ್ಕ ಶಾಲೆ ಕಥೆ ಮುಗೀತು. ಪಟ್ಟಿಯ ತುದೀಲೂ ಬುಡದಲ್ಲೂ ಚಿಕ್ಕ ಶಾಲೆಗಳೇ ಜಾಸ್ತಿ ಕಾಣಿಸೋದು ಇದಕ್ಕೇ. ಇನ್ನೊಂದು ತಮಾಷೆ, ಹೀಗೆ ಅದೃಷ್ಟ ಕೆಟ್ಟು ಬಿದ್ದ ಶಾಲೆ ಮುಂದಿನ ವರ್ಷ ಏನೂ ಮಾಡದೇ ಇದ್ರೂ ತಾನಾಗೇ ಸ್ವಲ್ಪ ಮೇಲೆ ಬರುತ್ತೆ, ಆಗ ನೋಡಿ ನಮ್ಮ ಸ್ಕೀಮ್ ವರ್ಕ್ ಆಯ್ತು ಅಂತ ಪ್ರೆಸ್‌ಮೀಟ್!

ಪಟ್ಟಿಗೆ ಬಂದ್ರೆ ಬರೀ ದುಡ್ಡು ಸಿಗ್ತಿರಲಿಲ್ಲ ಅನ್ನೋದು ನೆನಪಿರಲಿ. ನಾಲ್ಕು ದಾರೀಲಿ ಒಂದು ಆರಿಸ್ಕೋಬೇಕಿತ್ತು: ಪ್ರಿನ್ಸಿಪಾಲ್‌ನ ತೆಗೆದು ಹಳೇ ಸಿಬ್ಬಂದಿಯಲ್ಲಿ ಹೆಚ್ಚಂದ್ರೆ ಅರ್ಧ ಜನಾನ ಮಾತ್ರ ವಾಪಸ್ ತಗೊಳ್ಳೋದು, ಸರ್ಕಾರಿ ದುಡ್ಡಲ್ಲಿ ಸ್ವತಂತ್ರವಾಗಿ ಶಾಲೆ ನಡೆಸೋ ಚಾರ್ಟರ್ ಸಂಸ್ಥೆಗೆ ಕೊಡೋದು, ಶಾಲೇನೇ ಮುಚ್ಚೋದು, ಇಲ್ಲಾ ಪ್ರಿನ್ಸಿಪಾಲ್‌ನ ಬದಲಾಯಿಸಿ ಪಾಠದ ಸಮಯ, ಟೀಚರ್ ಮೌಲ್ಯಮಾಪನ ಎಲ್ಲಾ ಬದಲಿಸೋದು. ಬಹುಪಾಲು ಶಾಲೆಗಳು ಈ ಕೊನೇದನ್ನೇ ಹಿಡಿದ್ವು, ಅದೇ ಮೆತ್ತಗಿತ್ತು. ರೋಡ್ ಐಲೆಂಡ್ ರಾಜ್ಯದ ಸೆಂಟ್ರಲ್ ಫಾಲ್ಸ್ ಅಂತ ಒಂದು ಪುಟ್ಟ ಬಡ ಊರು, ಅಲ್ಲಿನ ಹೈಸ್ಕೂಲಲ್ಲಿ ಈ ಮೆತ್ತಗಿನ ದಾರಿಗೆ ಯೂನಿಯನ್ ಜೊತೆ ಮಾತುಕತೆ ಮುರಿದುಬಿತ್ತು, 2010ರ ಫೆಬ್ರವರಿಯಲ್ಲಿ ಅಷ್ಟೂ ಟೀಚರ್‌ಗಳನ್ನ ಒಂದೇ ಏಟಿಗೆ ತೆಗೀತೀವಿ ಅಂತ ಊರಿನ ಶಾಲಾ ಬೋರ್ಡ್ ವೋಟ್ ಹಾಕ್ತು, ಸ್ವತಃ ಒಬಾಮ ಅದಕ್ಕೆ ಬೆಂಬಲವಾಗಿ ಮಾತಾಡಿದ್ರು, ಮೇ ತಿಂಗಳಲ್ಲಿ ರಾಜಿಯಾಗಿ ಅದೇ ಟೀಚರ್‌ಗಳಿಗೆ ವಾಪಸ್ ಬರೋಕೆ ದಾರಿ ಮಾಡಿದ್ರು. ಮೂರು ತಿಂಗಳು ಆ ಸ್ಟಾಫ್‌ರೂಮಲ್ಲಿ ಕೂತವರ ಮನಸ್ಸು ಹೇಗಿದ್ದಿರಬೇಕು? ಗೆರೆ ತಪ್ಪು ಜಾಗದಲ್ಲಿ ಬಿದ್ರೆ ಏಟು ಬೀಳೋದು ಹೀಗೆ, ಮನುಷ್ಯರ ಮೇಲೆ.

ಫಲಿತಾಂಶ ಏನಾಯ್ತು ಅಂತ ಕೇಳ್ತೀರ. ಗೆರೆಯಿಂದ ಒಂದು ಉಪಕಾರ ಆಯ್ತು, ಗೆರೆ ಕೆಳಗೆ ಸ್ವಲ್ಪದರಲ್ಲಿ ಬಿದ್ದ ಶಾಲೆಗಳನ್ನ ಮೇಲೆ ಸ್ವಲ್ಪದರಲ್ಲಿ ಉಳ್ಕೊಂಡ ಶಾಲೆಗಳ ಜೊತೆ ಹೋಲಿಸಬಹುದು, ಯಾಕಂದ್ರೆ ಆ ಎರಡೂ ಹೆಚ್ಚುಕಮ್ಮಿ ಒಂದೇ ಥರದವು. ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ಡೀ ಅನ್ನೋ ಅರ್ಥಶಾಸ್ತ್ರಜ್ಞ ಹೀಗೆ ನೋಡಿದಾಗ ಮಾರ್ಕ್ಸ್ ಏರಿದ್ದು ಕಂಡಿತು. ಆದ್ರೆ ಹಲವು ರಾಜ್ಯ ಸೇರಿಸಿ ಫೆಡರಲ್ ಇಲಾಖೆಯೇ ಮಾಡಿಸಿದ ಅಧ್ಯಯನ 2017ರ ಜನವರಿಯಲ್ಲಿ ಬಂತು, ಅದರಲ್ಲಿ ಗಣಿತ, ಓದು, ಹೈಸ್ಕೂಲ್ ಮುಗಿಸೋದು, ಕಾಲೇಜು ಸೇರೋದು, ಯಾವುದರಲ್ಲೂ ಹೇಳಿಕೊಳ್ಳೋ ಪರಿಣಾಮ ಇಲ್ಲ. ದುಡ್ಡೆಲ್ಲಾ ವೇಸ್ಟ್ ಅಂತ ಹೆಡ್‌ಲೈನ್ ಬಂತು. ನಂಗೆ ಆ ಹೆಡ್‌ಲೈನ್ ಅವಸರದ್ದು ಅನ್ಸುತ್ತೆ, ಗೆರೆ ಪಕ್ಕದ ಶಾಲೆಗಳ ಉತ್ತರ ಅದು, ತೀರಾ ತಳದಲ್ಲಿದ್ದ ಶಾಲೆಗಳದ್ದಲ್ಲ.

2015ರ ಹೊಸ ಕಾಯ್ದೆಯಲ್ಲಿ ಆ ಗ್ರಾಂಟ್ ಹೋಯ್ತು, ಕಡೇ ಐದು ಪರ್ಸೆಂಟ್ ಶಾಲೆಗಳ ಪಟ್ಟಿ ಮಾತ್ರ ಉಳೀತು. ಈಗ ರಾಜ್ಯಗಳು ಟೈಟಲ್ ಒನ್ ದುಡ್ಡಲ್ಲೇ 7 ಪರ್ಸೆಂಟ್ ಇದಕ್ಕೆ ಎತ್ತಿಡ್ತಾವೆ, ಕನಿಷ್ಠ ಮೂರು ವರ್ಷಕ್ಕೊಮ್ಮೆ ಪಟ್ಟಿ ಮಾಡ್ತಾವೆ. ಅಳತೆ ಸ್ವಲ್ಪ ಸುಧಾರಿಸಿದೆ, ಪ್ರಗತಿ ಸೇರಿದೆ, ಇಂಗ್ಲಿಷ್ ಹೊಸದಾಗಿ ಕಲಿಯೋ ಮಕ್ಕಳ ಲೆಕ್ಕ ಸೇರಿದೆ, ಬಹಳ ರಾಜ್ಯಗಳು ಗೈರುಹಾಜರಿನೂ ಸೇರಿಸಿದಾವೆ, ಅಂದ್ರೆ 180 ದಿನದಲ್ಲಿ 18 ದಿನ ತಪ್ಪಿಸ್ಕೊಂಡ ಮಕ್ಕಳು ಎಷ್ಟು ಅಂತ. ನನ್ನ ತಕರಾರು ಪಟ್ಟಿಯಿಂದ ಹೊರಗೆ ಹೋಗೋ ಬಾಗಿಲಿನ ಬಗ್ಗೆ. ಪಟ್ಟಿಯಿಂದ ಹೊರಗೆ ಬಂದ ಶಾಲೆಗೆ ಸಾಮಾನ್ಯವಾಗಿ ಆ ದುಡ್ಡೂ ನಿಂತುಹೋಗುತ್ತೆ. ಮೂರು ವರ್ಷ ಕಷ್ಟಪಟ್ಟು ಗೆರೆ ದಾಟಿದ ಪ್ರಿನ್ಸಿಪಾಲ್‌ಗೆ ಸಿಗೋ ಬಹುಮಾನ ಏನಪ್ಪಾ ಅಂದ್ರೆ, ಆ ದುಡ್ಡಲ್ಲಿ ಬಂದಿದ್ದ ಓದಿನ ಕೋಚ್, ಎಕ್ಸ್‌ಟ್ರಾ ಕೌನ್ಸೆಲರ್ ಇಬ್ಬರನ್ನೂ ಶಾಲೆ ವರ್ಷ ಮುಗಿಯೋ ಜೂನಲ್ಲಿ ಕಳಿಸಿಕೊಡೋದು. ಸರಿ, ಪ್ರಶ್ನೆ ಇದ್ರೆ ಕೇಳಿ, ಮೈಕ್ ಹಿಂದಕ್ಕೆ ಕೊಡ್ತೀನಿ.