ಎಡಗಡೆ ಬಾಣ ಒತ್ತಿದರೆ ಡಿ ಯಾಕೆ ಬರುತ್ತದೆ?

ನಮಸ್ಕಾರ ಕೇಳುಗರೇ.

ದಾವಣಗೆರೆಯ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿ. ಮೆಕ್ಕೆಜೋಳದ ಸೀಸನ್ ಬಂತೆಂದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಅಂಗಡಿಯ ಗುಮಾಸ್ತರಿಗೆ ನಾನೊಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕಪ್ಪು ಪರದೆ, ಬಿಳಿ ಅಕ್ಷರ. ಬಟನ್ ಇಲ್ಲ, ಚಿತ್ರ ಇಲ್ಲ. ರೈತರ ಹೆಸರು, ಊರು, ಚೀಲ, ತೂಕ, ದರ ಎಲ್ಲವನ್ನೂ ಒಂದೇ ಸಾಲಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಆಯ್ತು, ಲೆಕ್ಕಕ್ಕೆ ಸೇರಿತು. ಇಂಥದ್ದನ್ನು ಕಮಾಂಡ್ ಲೈನ್ ಪ್ರೋಗ್ರಾಂ ಅನ್ನುತ್ತಾರೆ. ಅಂಗಡಿಯ ಕಂಪ್ಯೂಟರ್ ಹಳೇದು, ವಿಂಡೋಸ್ ಬದಲು ಉಬುಂಟು ಹಾಕಿದ್ದು. ಸಾಲದ್ದಕ್ಕೆ ಗುಮಾಸ್ತರ ಬೆರಳು ನಂಬರ್ ಪ್ಯಾಡ್ ಮೇಲೆ ಓಡುವ ವೇಗ ನೋಡಿದರೆ, ಅವರ ಕೈಗೆ ಮೌಸ್ ಕೊಡುವುದೇ ಪಾಪ ಅನಿಸುತ್ತಿತ್ತು.

ಎರಡನೇ ದಿನವೇ ಫೋನ್ ಬಂತು. "ತಮ್ಮಾ, ಊರಿನ ಹೆಸರು ತಪ್ಪಾಯ್ತು. ಹಿಂದಕ್ಕೆ ಹೋಗಾಣ ಅಂತ ಬಾಣ ಒತ್ತಿದ್ರೆ ಏನೇನೋ ಬರ್ತೈತಲ್ಲ."

ಹೋಗಿ ನೋಡಿದೆ. ಎಡಗಡೆ ಬಾಣದ ಕೀ ಒತ್ತಿದಾಗೆಲ್ಲ ಪರದೆ ಮೇಲೆ ಒಂದು ಟೋಪಿ ಗುರುತು, ಎರಡು ಚೌಕ ಆವರಣ, ಒಂದು ಇಂಗ್ಲಿಷ್ ಡಿ. ನಾಲ್ಕು ಸಲ ಒತ್ತಿದರೆ ನಾಲ್ಕು ಡಿ.

"ಮತ್ತೆ ಹೆಂಗೆ ತಿದ್ದುತೀರಿ ಅಣ್ಣಾರೆ?"

"ತಿದ್ದೋದೆಲ್ಲಿ ಬಂತು? ಅಷ್ಟೂ ಅಳಿಸಿ ಮತ್ತೆ ಹೊಡೀತೀನಿ."

ಸಾಲಿನ ಕೊನೆಯಲ್ಲಿ ನಿಂತು ಮೊದಲಿನ ಒಂದಕ್ಷರಕ್ಕಾಗಿ ಇಡೀ ಸಾಲು ಅಳಿಸುವುದು! ತಪ್ಪು ನನ್ನದೇ. ಲೆಕ್ಕ ಸರಿ ಬರುತ್ತದಾ ಅಂತ ನೂರು ಸಲ ನೋಡಿದ್ದೆ. ಟೈಪ್ ಮಾಡುವವರು ತಪ್ಪುತ್ತಾರೆ ಅನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ.

ಆ ಡಿ ಎಲ್ಲಿಂದ ಬಂತು? ಬಾಣದ ಕೀ ಒತ್ತಿದಾಗ ಪ್ರೋಗ್ರಾಮಿಗೆ "ಎಡಕ್ಕೆ ಹೋಗು" ಅಂತ ಹೋಗುವುದಿಲ್ಲ. ಎಸ್ಕೇಪ್, ಚೌಕ ಆವರಣ, ಡಿ ಹೀಗೆ ಮೂರು ಸಂಕೇತ ಸಾಲಾಗಿ ಹೋಗುತ್ತವೆ. ಅದನ್ನು ಓದಿ ಅರ್ಥ ಮಾಡಿಕೊಳ್ಳುವವರು ಯಾರಾದರೂ ಬೇಕು. ಯಾರೂ ಇಲ್ಲದಿದ್ದರೆ ಬಂದದ್ದು ಬಂದ ಹಾಗೆ ಪರದೆ ಮೇಲೆ ಬೀಳುತ್ತದೆ. ಉಬುಂಟುವಿನ ಪೂರ್ವಜ ಯುನಿಕ್ಸ್ ಶುರುವಾದಾಗ ಕೆಲಸ ಹೆಚ್ಚಾಗಿ ಪರದೆ ಮೇಲೆ ನಡೆಯುತ್ತಿರಲಿಲ್ಲ ನೋಡಿ. ಟೆಲಿಪ್ರಿಂಟರ್ ಇತ್ತು, ಹೊಡೆದ ಅಕ್ಷರ ಕಾಗದದ ಮೇಲೆ ಅಚ್ಚಾಗಿಬಿಡುತ್ತಿತ್ತು. ಹಿಂದಿನ ಅಕ್ಷರ ಬೇಡ ಅನ್ನಲು ಹ್ಯಾಷ್ ಗುರುತು ಒತ್ತುತ್ತಿದ್ದರು, ಇಡೀ ಸಾಲೇ ಬೇಡ ಅನ್ನಲು ಆ್ಯಟ್ ಗುರುತು. ಸುಮ್ನೆ ಬಿಟ್ಟರೆ ಇವತ್ತಿಗೂ ಟರ್ಮಿನಲ್ಲಿಗೆ, ಅಂದರೆ ಆ ಕಪ್ಪು ಪರದೆಯ ಕಿಟಕಿಗೆ, ಗೊತ್ತಿರುವ ತಿದ್ದುಪಡಿ ಅದಕ್ಕಿಂತ ಬಹಳ ಮುಂದೆ ಹೋಗಿಲ್ಲ.

ಬಾಣ ಓದಿ ಸಾಲು ತಿದ್ದುವ ಕೆಲಸಕ್ಕೇ ರೀಡ್‌ಲೈನ್ ಅಂತ ಒಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ ತುಣುಕು, ಇದೆ. 1980ರ ದಶಕದ ಕೊನೆಯಲ್ಲಿ ಬ್ರಯಾನ್ ಫಾಕ್ಸ್ ಬರೆದದ್ದು, ಈಗ ಬಹಳ ವರ್ಷದಿಂದ ಚೆಟ್ ರೇಮಿ ನೋಡಿಕೊಳ್ಳುತ್ತಿದ್ದಾರೆ. ನನ್ನ ಪ್ರೋಗ್ರಾಂ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯದು. ಮೇಲ್ಗಡೆ ಒಂದೇ ಒಂದು ಸಾಲು ಸೇರಿಸಿದೆ, ಇಂಪೋರ್ಟ್ ರೀಡ್‌ಲೈನ್. ಅಷ್ಟೇ. ಬಾಣ ಬಾಣವಾಯಿತು. ಮೇಲಿನ ಬಾಣ ಒತ್ತಿದರೆ ಹಿಂದೆ ಹೊಡೆದ ಸಾಲುಗಳೂ ಒಂದೊಂದಾಗಿ ಬರತೊಡಗಿದವು. ನಿಜ ಹೇಳಬೇಕೆಂದರೆ ಖುಷಿಗಿಂತ ನಾಚಿಕೆಯೇ ಜಾಸ್ತಿ ಆಯಿತು.

ಕೀಗಳನ್ನೂ ಹೇಳಿಕೊಟ್ಟೆ. ಕಂಟ್ರೋಲ್ ಎ ಒತ್ತಿದರೆ ಸಾಲಿನ ಮೊದಲಿಗೆ, ಕಂಟ್ರೋಲ್ ಇ ಕೊನೆಗೆ. ಕಂಟ್ರೋಲ್ ಡಬ್ಲ್ಯೂ ಹಿಂದಿನ ಒಂದು ಪದ ಅಳಿಸುತ್ತದೆ. ಕಂಟ್ರೋಲ್ ಕೆ ನಿಂತಲ್ಲಿಂದ ಮುಂದಿನದ್ದನ್ನೆಲ್ಲ ಕತ್ತರಿಸುತ್ತದೆ, ಕಂಟ್ರೋಲ್ ವೈ ಆ ಕತ್ತರಿಸಿದ್ದನ್ನು ಬೇಕಾದಲ್ಲಿ ತಂದು ಅಂಟಿಸುತ್ತದೆ. ಕೊನೆಯದು ಅವರಿಗೆ ಬಹಳ ಹಿಡಿಸಿತು. ಒಂದೇ ಲಾರಿಯಲ್ಲಿ ಬಂದ ಮಾಲಿಗೆ ಸಾಲಿನ ಬಾಲವೆಲ್ಲ ಒಂದೇ ಅಲ್ವಾ?

ಮೌಸ್ ಕಥೆ ಬೇರೆ. ತಪ್ಪಿದ ಜಾಗದ ಮೇಲೆ ಮೌಸ್ ಒತ್ತಿದರೆ ಕರ್ಸರ್ ಅಲ್ಲಿಗೇ ಹೋಗಬೇಕು ಅಂದರು. ನ್ಯಾಯವಾದ ಮಾತೇ. ಆದರೆ ಮೌಸ್ ಇರುವುದು ಟರ್ಮಿನಲ್ ಕಿಟಕಿಯ ಕೈಯಲ್ಲಿ. ಎಲ್ಲಿ ಒತ್ತಿದರು ಅನ್ನುವುದು ಒಳಗೆ ಓಡುವ ಪ್ರೋಗ್ರಾಮಿಗೆ ಗೊತ್ತೇ ಆಗುವುದಿಲ್ಲ, ನನಗೂ ಹೇಳು ಅಂತ ಅದು ಕೇಳಿಕೊಂಡರೆ ಮಾತ್ರ ಗೊತ್ತಾಗುತ್ತದೆ. ಪ್ರಾಂಪ್ಟ್ ಟೂಲ್‌ಕಿಟ್ ಅನ್ನುವ ಇನ್ನೊಂದು ಲೈಬ್ರರಿಯಲ್ಲಿ ಆ ಸೌಕರ್ಯ ಇದೆ. ಹಾಕಿದೆ. ಒತ್ತಿದಲ್ಲಿಗೆ ಕರ್ಸರ್ ಹೋಯಿತು. ಸಂಜೆಗೆ ಮತ್ತೆ ಫೋನ್. ಮೌಸಿನ ಚಕ್ರ ತಿರುಗಿಸಿದರೆ ಬೆಳಿಗ್ಗೆಯ ಸಾಲುಗಳು ಕಾಣುತ್ತಿಲ್ಲ, ಲಾರಿ ನಂಬರ್ ಎಳೆದು ಕಾಪಿ ಮಾಡಲು ಆಗುತ್ತಿಲ್ಲ. ಆಗದು, ಮೌಸು ಈಗ ಪ್ರೋಗ್ರಾಮಿನ ಪಾಲಾಗಿದೆ. ಶಿಫ್ಟ್ ಹಿಡಿದು ಎಳೆಯಿರಿ ಅಂದೆ. "ಒಂದು ಕೈಯಾಗೆ ಚೀಟಿ ಐತೆ ತಮ್ಮಾ" ಅಂದರು. ಮರುದಿನ ತೆಗೆದುಹಾಕಿದೆ. ಎಳೆದು ಗುರುತು ಮಾಡಿ ನಡುವಿನ ಬಟನ್ ಒತ್ತಿದರೆ ಕರ್ಸರ್ ಇದ್ದಲ್ಲಿ ಅಂಟಿಕೊಳ್ಳುತ್ತದೆ. ಮೌಸಿಗೆ ಈ ಕೆಲಸ ಸಾಕು ಅನ್ನುವುದು ನನ್ನ ಅಭಿಪ್ರಾಯ.

ನಡುವೆ ಒಂದು ದಿನ ಕಂಪ್ಯೂಟರ್ ಸತ್ತುಹೋಯಿತು ಅಂದರು. ಸತ್ತಿರಲಿಲ್ಲ. ಬೇರೆ ಕಡೆ ಸೇವ್ ಮಾಡುವ ಅಭ್ಯಾಸದಲ್ಲಿ ಕಂಟ್ರೋಲ್ ಎಸ್ ಒತ್ತಿದ್ದರು. ಟರ್ಮಿನಲ್ಲಿನಲ್ಲಿ ಅದರ ಅರ್ಥ "ನಿಲ್ಲು". ಕಂಟ್ರೋಲ್ ಕ್ಯೂ ಒತ್ತುವ ತನಕ ಪರದೆ ಅಲುಗಾಡುವುದಿಲ್ಲ. ಅವರು ಪ್ಲಗ್ಗೇ ಕಿತ್ತಿದ್ದರು. ಆ ನಿಲ್ಲಿಸುವ ಗುಣವನ್ನೇ ಆಫ್ ಮಾಡಿ ಬಂದೆ.

ಇಷ್ಟೆಲ್ಲ ಆದರೂ ಬಗೆಹರಿಯದೆ ಉಳಿದದ್ದು ನಮ್ಮ ಕನ್ನಡ. ಚಿತ್ರದುರ್ಗ ಅಂತ ಟೈಪ್ ಮಾಡಿ. ಕಣ್ಣಿಗೆ ಎಷ್ಟು ಅಕ್ಷರ? ಚಿ, ತ್ರ, ದು, ರ್ಗ, ನಾಲ್ಕು. ಕಂಪ್ಯೂಟರ್ ಅಕ್ಷರಗಳಿಗೆ ಕೊಡುವ ಯುನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಹತ್ತು. ಗುಡಿಸು, ಕೊಂಬು, ಒತ್ತಿಗೆ ಬೇಕಾದ ಹಲಂತ, ಎಲ್ಲವೂ ಬೇರೆ ಬೇರೆ ಲೆಕ್ಕ. ಬೈಟ್ ಎಣಿಸಿದರೆ 30. ಹಾಗಾದರೆ ಬಾಣ ಒಮ್ಮೆ ಒತ್ತಿದಾಗ ಕರ್ಸರ್ ಎಷ್ಟು ದೂರ ಹೋಗಬೇಕು? ಟರ್ಮಿನಲ್ ಎಂದರೆ ಚೌಕುಳಿ ಕಾಗದ ಇದ್ದ ಹಾಗೆ, ಅಕ್ಷರಕ್ಕೊಂದು ಮನೆ. ಗುಡಿಸಿಗೆ ಮನೆ ಬೇಡ ಅನ್ನುತ್ತದೆ, ಕೊಂಬಿಗೆ ಒಂದು ಮನೆ ಕೊಡುತ್ತದೆ. ತೋರಿಸುವವರ ಎಣಿಕೆ ಒಂದು, ತಿದ್ದುವವರ ಎಣಿಕೆ ಇನ್ನೊಂದಾದರೆ ಕರ್ಸರ್ ಕಾಣುವುದು ಒಂದು ಕಡೆ, ಅಳಿಯುವುದು ಇನ್ನೊಂದು ಕಡೆ. ರ್ಗ ಮೇಲೆ ಬ್ಯಾಕ್‌ಸ್ಪೇಸ್ ಒತ್ತಿ ನೋಡಿ. ಕಣ್ಣಿಗೆ ಕೊನೆಯಲ್ಲಿರುವುದು ಅರ್ಕಾವತ್ತು, ಹೋಗುವುದು ಗ. ಅಳಿಸಿದವರು ಗಾಬರಿಯಾಗದೆ ಏನು ಮಾಡಿಯಾರು?

ಇದನ್ನು ಸರಿಮಾಡುವುದು ನನ್ನ ಕೈಲಿ ಆಗಲಿಲ್ಲ. ಅಡ್ಡದಾರಿ ಹಿಡಿದೆ. ಊರುಗಳ ಪಟ್ಟಿಯನ್ನು ಮೊದಲೇ ತುಂಬಿಟ್ಟೆ. ಈಗ "ಮಾ" ಹೊಡೆದು ಟ್ಯಾಬ್ ಒತ್ತಿದರೆ ಮಾಯಕೊಂಡ ತಾನೇ ಬರುತ್ತದೆ, "ಜಗ" ಹೊಡೆದರೆ ಜಗಳೂರು. ಪೂರ್ತಿ ಹೆಸರು ಟೈಪ್ ಮಾಡುವುದೇ ಇಲ್ಲವೆಂದ ಮೇಲೆ ಅದರೊಳಗೆ ತಿದ್ದುವ ಗೋಜೂ ಇಲ್ಲ.

ಮೊನ್ನೆ ಹೋದಾಗ ಪರದೆಯ ಪಕ್ಕ ಒಂದು ರಟ್ಟಿನ ತುಂಡು ಅಂಟಿಸಿದ್ದರು. ಅವರದೇ ಅಕ್ಷರ: ಎ ಮೊದಲು, ಇ ಕೊನೆ, ಕೆ ಬಾಲ ಕತ್ತರಿ, ವೈ ವಾಪಸ್. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ: ಎಸ್ ಮುಟ್ಟಬ್ಯಾಡ.

"ಅಣ್ಣಾರೆ, ಎಸ್ ಸರಿ ಮಾಡೀನಲ್ಲ. ಅದನ್ನ ಹೊಡೆದುಹಾಕ್ರಿ" ಅಂದೆ.

"ಇರ್ಲಿ ಬಿಡು ತಮ್ಮಾ" ಅಂದರು.