ಹಡಗು ಬಿಟ್ಟರು, ಮೇಟನ್ನು ಇಟ್ಟುಕೊಂಡರು

ಎಲ್ಲರಿಗೂ ನಮಸ್ಕಾರ.

ಒಡವೆ ಒತ್ತೆ ಇಡುವುದು ನಮಗೆಲ್ಲ ಗೊತ್ತಿರುವ ವ್ಯವಹಾರ. ಸರ ಬ್ಯಾಂಕಿನ ಲಾಕರಿನಲ್ಲಿ ಕೂತಿರುತ್ತದೆ, ದುಡ್ಡು ಕಟ್ಟಿದ ದಿನ ಮನೆಗೆ ಬರುತ್ತದೆ. ಅದಕ್ಕೆ ಹಸಿವಿಲ್ಲ, ಚಳಿಯಿಲ್ಲ, ಮನೆಯವರ ನೆನಪಿಲ್ಲ. ಅದೇ 'ಒತ್ತೆ'ಗೆ 'ಆಳು' ಸೇರಿಸಿ ಒತ್ತೆಯಾಳು ಅಂತೀವಲ್ಲ, ಇವತ್ತು ಆ ಆಳಿನ ಕಥೆ.

18ನೇ ಶತಮಾನ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಮೇಲಿಂದ ಮೇಲೆ ಯುದ್ಧ. ಎರಡೂ ಕಡೆ ಪ್ರೈವೆಟೀರ್‌ಗಳಿದ್ದರು. ಹಡಗು ಖಾಸಗಿಯವರದು, ತೋಪು, ಆಳು, ಖರ್ಚು ಎಲ್ಲ ಅವರದೇ. ಸರ್ಕಾರ ಕೊಡುತ್ತಿದ್ದದ್ದು ಒಂದು ಪರವಾನಗಿ ಪತ್ರ ಮಾತ್ರ. ಶತ್ರು ದೇಶದ ವ್ಯಾಪಾರಿ ಹಡಗು ಹಿಡಿದರೆ ಕೊಳ್ಳೆಯಲ್ಲಿ ಅವರಿಗೆ ಪಾಲು. ಆ ಕಾಗದ ಇಲ್ಲದಿದ್ದರೆ ಅವರೂ ಕಡಲ್ಗಳ್ಳರೇ, ಸಿಕ್ಕಿಬಿದ್ದರೆ ನೇಣು.

ಫ್ರಾನ್ಸಿನ ಡಂಕರ್ಕ್, ಸಾಂ ಮಾಲೊ ಬಂದರುಗಳಿಂದ ಹೊರಟ ಇವರು ಇಂಗ್ಲಿಷ್ ಕಾಲುವೆಯಲ್ಲಿ ಕಾಯುತ್ತಿದ್ದರು. ಒಂದು ಹಡಗು ಸಿಕ್ಕಿತು ಅನ್ನಿ. ಅದನ್ನು ತಮ್ಮ ಬಂದರಿಗೆ ಸಾಗಿಸಬೇಕಾದರೆ ತಮ್ಮದೇ ಹತ್ತಾರು ಆಳುಗಳನ್ನು ಅದಕ್ಕೆ ಹತ್ತಿಸಬೇಕು. ದಾರಿಯಲ್ಲಿ ಬ್ರಿಟಿಷ್ ನೌಕಾಪಡೆ ಎದುರಾದರೆ ಹಿಡಿದದ್ದೂ ಹೋಯಿತು, ಆಳುಗಳೂ ಹೋದರು. ಅದರ ಬದಲು ಅಲ್ಲೇ, ನಡುಕಡಲಲ್ಲೇ, ಒಂದು ಬೆಲೆಗೆ ಒಪ್ಪಿಕೊಂಡು ಬಿಟ್ಟುಬಿಡುವುದು ಸಲೀಸು, ಅಲ್ವಾ?

ಹಾಗಾಗಿ ಡೆಕ್ ಮೇಲೆ ಕಾಗದ ಹೊರಗೆ ಬರುತ್ತಿತ್ತು. ಬಿಡುಗಡೆ ಪತ್ರ, ಎರಡು ಪ್ರತಿ. ಎಷ್ಟು ಹಣ, ಯಾವ ಬಂದರಿಗೆ, ಯಾವ ದಾರಿಯಲ್ಲಿ, ಎಷ್ಟು ದಿನದೊಳಗೆ, ಎಲ್ಲ ಅದರಲ್ಲಿ ಬರೆದಿರಬೇಕು. ಇಬ್ಬರು ಕ್ಯಾಪ್ಟನ್ನರೂ ರುಜು ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಿದ್ದರು. ದಾರಿಯಲ್ಲಿ ಇನ್ನೊಬ್ಬ ಫ್ರೆಂಚ್ ಪ್ರೈವೆಟೀರ್ ಅಡ್ಡ ಬಂದರೆ ಆ ಪತ್ರ ತೋರಿಸಿದರೆ ಸಾಕು, ಬಿಡಲೇಬೇಕು. ಆದರೆ ಬರೆದ ದಾರಿ ತಪ್ಪಿದರೆ, ದಿನ ಮೀರಿದರೆ, ಅವನೂ ಹಿಡಿಯಬಹುದು. ತಮಾಷೆಗೆ ಹೇಳುತ್ತಿಲ್ಲ, ಕಾನೂನು ಅಷ್ಟು ನಿಖರವಾಗಿತ್ತು.

ಸರಿ, ಹಡಗು ಊರು ಮುಟ್ಟಿದ ಮೇಲೆ ಮಾಲೀಕ ಹಣ ಕೊಡುತ್ತಾನೆ ಅನ್ನುವುದಕ್ಕೆ ಏನು ಗ್ಯಾರಂಟಿ? ಅದಕ್ಕೇ ಒಬ್ಬ ಮನುಷ್ಯ ಬೇಕಾಗುತ್ತಿತ್ತು. ಎಷ್ಟೋ ಸಲ ಅವನು ಹಡಗಿನ ಮೇಟ್, ಅಂದರೆ ಕ್ಯಾಪ್ಟನ್ನನ ನಂತರದ ಅಧಿಕಾರಿ. ಅವನು ತನ್ನ ಗಂಟು ತಗೊಂಡು ಶತ್ರುವಿನ ದೋಣಿಗೆ ಇಳಿಯುತ್ತಿದ್ದ. ತಾನು ದುಡಿದ ಹಡಗು ಹಾಯಿ ಬಿಚ್ಚಿ ಊರ ಕಡೆ ಹೋಗುವುದನ್ನು ಆ ಕಡೆಯಿಂದ ನೋಡುತ್ತಿದ್ದ. ಹಣ ಬರುವ ತನಕ ಅವನಿಗೆ ಫ್ರೆಂಚ್ ಜೈಲು.

ನನಗೆ ತುಂಬಾ ಕಾಡಿದ್ದು 1765ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಮೊಕದ್ದಮೆ, ರಿಕಾರ್ಡ್ ಮತ್ತು ಬೆಟನ್‌ಹ್ಯಾಮ್ ನಡುವಿನದು. ಯುದ್ಧ ಮುಗಿದ ಮೇಲೆ ಫ್ರೆಂಚರ ಕಡೆಯವರು ಬಿಡುಗಡೆ ಹಣ ಕೇಳಿಕೊಂಡು ಇಂಗ್ಲಿಷ್ ಕೋರ್ಟಿಗೇ ಬಂದರು. ಅಷ್ಟರಲ್ಲಿ ಒತ್ತೆಯಾಳು ಸೆರೆಯಲ್ಲೇ ಸತ್ತುಹೋಗಿದ್ದ. ಆಳೇ ಇಲ್ಲದ ಮೇಲೆ ಹಣ ಯಾಕೆ ಕೊಡಬೇಕು ಅನ್ನುವುದು ಇಂಗ್ಲಿಷರ ವಾದ. ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವರ ಕೋರ್ಟು ಒಪ್ಪಲಿಲ್ಲ. ಒತ್ತೆಯಾಳು ಬರೀ ಜಾಮೀನು, ಜಾಮೀನು ಹಾಳಾದರೆ ಸಾಲ ತೀರುವುದಿಲ್ಲ, ಹಣ ಕೊಡಿ ಅಂತಾಯಿತು. ಕಾನೂನಿನ ಲೆಕ್ಕದಲ್ಲಿ ತೀರ್ಪು ಸರಿಯೇ ಇರಬಹುದು. ಆದರೆ ಸತ್ತವನು ಅಲ್ಲಿ ಕಳೆದುಹೋದ ಒಂದು ಸರದಂತೆ ಆಗಿಬಿಟ್ಟ. ಅದನ್ನು ಓದಿದಾಗ ಹೊಟ್ಟೆ ತೊಳಸಿತು.

1782ರಲ್ಲಿ ಬ್ರಿಟಿಷ್ ಸಂಸತ್ತು ಇಂಥ ಒಪ್ಪಂದಗಳನ್ನೇ ನಿಷೇಧಿಸಿತು. ಶತ್ರುವಿನ ಕೈಗೆ ಸುಲಭವಾಗಿ ದುಡ್ಡು ಹೋಗುತ್ತದೆ, ಹಿಡಿದ ಹಡಗನ್ನು ಮರಳಿ ಗೆಲ್ಲುವ ಅವಕಾಶ ನಮ್ಮ ನೌಕಾಪಡೆಗೆ ತಪ್ಪುತ್ತದೆ ಅನ್ನುವುದು ಅವರ ಚಿಂತೆ. 1785ರ ಇನ್ನೊಂದು ಮೊಕದ್ದಮೆಯಲ್ಲಿ ಮಾತ್ರ ಸ್ವಲ್ಪ ನ್ಯಾಯ ಕಾಣುತ್ತದೆ. ನೀನು ಒತ್ತೆಯಾಗಿ ಹೋಗು, ತಿಂಗಳ ಸಂಬಳ ಬರುತ್ತಿರುತ್ತದೆ ಅಂತ ಕ್ಯಾಪ್ಟನ್ ತನ್ನ ನಾವಿಕನಿಗೆ ಮಾತು ಕೊಟ್ಟಿದ್ದ. ಮಾಲೀಕರು ಹಡಗು, ಸರಕು ಎರಡನ್ನೂ ಕೈಬಿಟ್ಟರು. ಆದರೂ ಆ ಸಂಬಳ ನೀವು ಕೊಡಲೇಬೇಕು ಅಂತ ಕೋರ್ಟು ಹೇಳಿತು.

1856ರ ಪ್ಯಾರಿಸ್ ಘೋಷಣೆ ಪ್ರೈವೆಟೀರಿಂಗನ್ನೇ ರದ್ದು ಮಾಡಿತು. ಹಳೇ ಕಾಲದ್ದು, ಮುಗಿಯಿತು ಅಂತ ಅನ್ನಿಸುತ್ತದೆ.

ಆದರೆ 2010ರ ಸೆಪ್ಟೆಂಬರ್ ಕೊನೆಗೆ ಆಸ್ಫಾಲ್ಟ್ ವೆಂಚರ್ ಅನ್ನುವ ಟ್ಯಾಂಕರ್ ಪೂರ್ವ ಆಫ್ರಿಕಾದ ಕಡಲಲ್ಲಿ ಸೊಮಾಲಿ ಕಡಲ್ಗಳ್ಳರ ಕೈಗೆ ಸಿಕ್ಕಿತು. ಇವರ ಹತ್ತಿರ ಪರವಾನಗಿಯೂ ಇಲ್ಲ, ಬಿಡುಗಡೆ ಪತ್ರವೂ ಇಲ್ಲ. ಹಡಗಿನಲ್ಲಿದ್ದ 15 ಜನರೂ ಭಾರತೀಯರು. 2011ರ ಏಪ್ರಿಲ್‌ನಲ್ಲಿ ಹಣ ಸಂದಾಯವಾಯಿತು. ಹಡಗು ಬಿಟ್ಟರು, 8 ಜನರನ್ನು ಬಿಟ್ಟರು. ಉಳಿದ 7 ಜನರನ್ನು ದಡಕ್ಕೆ ಇಳಿಸಿಕೊಂಡರು, ಭಾರತದ ಜೈಲಿನಲ್ಲಿರುವ ನಮ್ಮವರನ್ನು ಮೊದಲು ಬಿಡಿ ಅಂತ. ಹಡಗು ಹೊರಟಿತು. ಆ 7 ಜನರ ಬಿಡುಗಡೆಯಾಗಿದ್ದು 2014ರ ಅಕ್ಟೋಬರ್ ಕೊನೆಗೆ. ಹಿಡಿದ ದಿನದಿಂದ ನಾಲ್ಕು ವರ್ಷದ ಮೇಲಾಗಿತ್ತು.