ಗುರುವಾರದ ಹುಡುಗ

ಕೇಳುಗರಿಗೆ ನಮಸ್ಕಾರ.

ಮೈಸೂರಿನಲ್ಲಿ ಓದಿದವರ ಬಗ್ಗೆ ಬಾನುಲಿಯಲ್ಲಿ ಮಾತಾಡುವುದಕ್ಕೆ ಒಂದು ನ್ಯಾಯವಿದೆ. ಈ ಊರಿನಲ್ಲಿ ರೇಡಿಯೋ ಹುಟ್ಟಿದ್ದೇ ಕಾಲೇಜು ಮೇಷ್ಟರೊಬ್ಬರ ಮನೆಯಲ್ಲಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ವಿಠಲ ವಿಹಾರ’ ಎಂಬ ತಮ್ಮ ಮನೆಯಲ್ಲೇ 30 ವಾಟ್ ಶಕ್ತಿಯ ಒಂದು ಪ್ರಸಾರ ಯಂತ್ರ ಇಟ್ಟುಕೊಂಡು ‘ಆಕಾಶವಾಣಿ’ ಶುರುಮಾಡಿದರು. ಇಡೀ ದೇಶದ ಬಾನುಲಿಗೆ ಆಮೇಲೆ ಇದೇ ಹೆಸರು ಬಂತು. ಮೇಷ್ಟರ ಮನೆಯ ಹಜಾರದಿಂದ ದೆಹಲಿಯವರೆಗೆ ಹೋದ ಹೆಸರು ಅದು.

ಮನೆ ಅಂದೆ, ನೋಡಿ. ಮೈಸೂರಿನ ವಿದ್ಯಾರ್ಥಿಗಳ ಕತೆ ಹೇಳಲು ಕೂತರೆ ಕಾಲೇಜಿಗಿಂತ ಮನೆಗಳೇ ಜಾಸ್ತಿ ನೆನಪಾಗುತ್ತವೆ. ಯಾರ ಮನೆಯ ಬಾಗಿಲು ಯಾವ ಹುಡುಗನಿಗೆ ತೆರೆಯಿತು, ಯಾವ ಹುಡುಗನಿಗೆ ತೆರೆಯಲಿಲ್ಲ, ಎನ್ನುವುದರ ಮೇಲೆ ಈ ಊರಿನಲ್ಲಿ ಯಾರು ಓದಿದರು ಎನ್ನುವುದು ನಿಂತಿತ್ತು. ಇವತ್ತು ನಾನು ಹೇಳಬೇಕೆಂದಿರುವುದು ಅಷ್ಟನ್ನೇ.

ವಿಶ್ವವಿದ್ಯಾನಿಲಯದ ಚರಿತ್ರೆ ನಿಮಗೆಲ್ಲ ಗೊತ್ತಿದೆ. 1916ರ ಜುಲೈ 27ರಂದು ಸ್ಥಾಪನೆ. ಸಿಂಹಾಸನದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನಗಿರಿಯಲ್ಲಿ ವಿಶ್ವೇಶ್ವರಯ್ಯನವರು, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು. ಅಲ್ಲಿಯವರೆಗೆ ನಮ್ಮ ಹುಡುಗರು ಮೈಸೂರಿನಲ್ಲಿ ಓದಿ ಮದರಾಸಿನ ಪದವಿ ಪಡೆಯುತ್ತಿದ್ದರು. ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾನಿಲಯ ಬಂದದ್ದೇ ತಡ, ಹಳ್ಳಿಯಲ್ಲಿ ಶಾನುಭೋಗರ ಮಗ, ಪುರೋಹಿತರ ಮಗ, ಪಟೇಲರ ಮಗ, ಎಲ್ಲರಿಗೂ ಬಿ.ಎ. ಆಸೆ ಹುಟ್ಟಿತು. ರಾಧಾಕೃಷ್ಣನ್ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ಸಾರೋಟನ್ನು ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಹೋದ ಕತೆಯನ್ನು ಪ್ರತಿ ಶಿಕ್ಷಕರ ದಿನಾಚರಣೆಯಲ್ಲೂ ಕೇಳುತ್ತೀರಿ. ನನ್ನ ಕುತೂಹಲ ಬೇರೆ. ಗಾಡಿ ಎಳೆದು ಹಸಿದಿದ್ದ ಆ ಹುಡುಗರು ಅವತ್ತು ರಾತ್ರಿ ಎಲ್ಲಿ ಉಂಡರು?

ಬಹಳಷ್ಟು ಜನ ಯಾರದೋ ಮನೆಯಲ್ಲಿ ಉಂಡಿರಬೇಕು. ಅದಕ್ಕೆ ವಾರಾನ್ನ ಎಂದು ಹೆಸರು. ಈಗಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಊರಿಂದ ಬಂದ ಹುಡುಗ ಏಳು ಮನೆ ಹುಡುಕಿಕೊಳ್ಳಬೇಕು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರ ತುಂಬಬೇಕು. ನಾಲ್ಕು ಮನೆ ಬೇಗ ಸಿಗುತ್ತಿದ್ದವು. ದೂರದ ನೆಂಟರು, ಊರ ಕಡೆಯವರು, ಮೇಷ್ಟರು, ದೇವಸ್ಥಾನದ ಪರಿಚಯದವರು. ಐದನೆಯದು, ಆರನೆಯದಕ್ಕೆ ಅಗ್ರಹಾರದ ಬೀದಿ ಬೀದಿ ಸುತ್ತಬೇಕಿತ್ತು. ಏಳನೆಯದು ಸಿಗದವನು ಅವತ್ತು ಛತ್ರ ಹುಡುಕುತ್ತಿದ್ದ, ಇಲ್ಲವೇ ನೀರು ಕುಡಿದು ಓದಿಕೊಳ್ಳುತ್ತಿದ್ದ. ‘ನಿನಗೆ ಎಷ್ಟು ವಾರ ಆಯಿತೋ?’ ಎಂದು ಹುಡುಗರು ಒಬ್ಬರನ್ನೊಬ್ಬರು ಕೇಳುತ್ತಿದ್ದರಂತೆ. ಊರಿಗೆ ಬಂದು ಎಷ್ಟು ವಾರ ಕಳೆಯಿತು ಎಂದಲ್ಲ, ಎಷ್ಟು ಮನೆ ಗೊತ್ತಾಯಿತು ಎಂದು.

ನಮ್ಮಜ್ಜಿಯ ಮನೆಗೆ ಗುರುವಾರದ ಹುಡುಗನೊಬ್ಬ ಬರುತ್ತಿದ್ದ. ಅವನ ಹೆಸರು ಅಜ್ಜಿಗೆ ಕೊನೆಗಾಲದಲ್ಲಿ ಮರೆತೇ ಹೋಗಿತ್ತು. ವಾರ ಮಾತ್ರ ನೆನಪಿತ್ತು. ಬಂದವನು ಸುಮ್ಮನೆ ಕೂತು ಉಣ್ಣುವ ಹಾಗಿರಲಿಲ್ಲ. ಬಾವಿಯಿಂದ ಎರಡು ಕೊಡ ನೀರು ಸೇದಿಡಬೇಕು, ದೇವರಾಜ ಮಾರ್ಕೆಟ್ಟಿನಿಂದ ತರಕಾರಿ ತರಬೇಕು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು. ಬಡಿಸುವಾಗ ಮನೆಯವರಿಗೆ ಹಾಕಿದ ತುಪ್ಪ ಅವನ ಎಲೆಗೂ ಬಿತ್ತೇ ಇಲ್ಲವೇ ಎನ್ನುವುದನ್ನು ಯಾರು ನೋಡದಿದ್ದರೂ ಅವನಂತೂ ನೋಡಿರುತ್ತಾನೆ. ವಾರಾನ್ನ ಉಂಡು ದೊಡ್ಡವರಾದವರ ಆತ್ಮಕತೆಗಳಲ್ಲಿ ಕೃತಜ್ಞತೆ ಎಷ್ಟಿದೆಯೋ ಅಷ್ಟೇ ಸಂಕೋಚವೂ ಇರುತ್ತದೆ. ಅನ್ನ ಹಾಕಿದ ತಾಯಿಯನ್ನು ದೇವರೆಂದು ಬರೆದವರೇ, ಮುಂದಿನ ಪುಟದಲ್ಲಿ, ಬಾಗಿಲಲ್ಲಿ ನಿಂತು ಒಳಗಿಂದ ಕರೆ ಬರುವವರೆಗೆ ಕಾದದ್ದನ್ನೂ ಬರೆದಿರುತ್ತಾರೆ.

ಅಜ್ಜಿಯನ್ನು ಹೊಗಳಿ ಇಲ್ಲಿಗೆ ಬಿಡುವುದು ನನಗೆ ಸುಲಭ. ಆದರೆ ಅದೇ ಅಜ್ಜಿ ಬೇರೆ ಜಾತಿಯ ಹುಡುಗನನ್ನು ಹೊಸಿಲು ದಾಟಿಸುತ್ತಿರಲಿಲ್ಲ. ವಾರಾನ್ನದ ಧಾರಾಳ ಜಾತಿಯ ಗೆರೆಯೊಳಗಿನ ಧಾರಾಳ. ಬ್ರಾಹ್ಮಣರ ಮನೆಗಳಲ್ಲಿ ಬ್ರಾಹ್ಮಣ ಹುಡುಗರಿಗೆ ಎಲೆ ಹಾಕುತ್ತಿದ್ದರು. ಉಳಿದವರ ಹುಡುಗರು ಏನು ಮಾಡಬೇಕು? ಮಲೆನಾಡಿನ ಒಕ್ಕಲಿಗರ ಹುಡುಗನೊಬ್ಬ ಓದಲು ಮೈಸೂರಿಗೆ ಬಂದು ಬಾಡಿಗೆ ಕೊಠಡಿಯಲ್ಲಿದ್ದು ಕಾಯಿಲೆ ಬಿದ್ದಾಗ ಅವನನ್ನು ಕರೆದುಕೊಂಡು ಹೋಗಿ ಉಳಿಸಿಕೊಂಡದ್ದು ರಾಮಕೃಷ್ಣಾಶ್ರಮ. ಆ ಹುಡುಗ ಕುವೆಂಪು. ಆಶ್ರಮದ ಬಾಗಿಲು ಅವತ್ತು ತೆರೆಯದಿದ್ದರೆ ಕನ್ನಡಕ್ಕೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ. ಬಾಗಿಲು ತೆರೆಯದೆ ಊರಿಗೆ ವಾಪಸ್ಸು ಹೋದವರು ಎಷ್ಟು ಜನವೋ.

ಆ ಕೊರತೆ ತುಂಬಲು ಹುಟ್ಟಿದವು ಹಾಸ್ಟೆಲುಗಳು. ಹಾಸ್ಟೆಲ್ ಅಂದರೆ ಸರ್ಕಾರ ಕಟ್ಟಿದ ಕಟ್ಟಡ ಎಂದು ಈಗ ಅಂದುಕೊಳ್ಳುತ್ತೇವೆ. ಮೈಸೂರಿನಲ್ಲಿ ಅವು ಬಂದದ್ದು ಜನರ ಜೇಬಿನಿಂದ. ‘ತಾತಯ್ಯ’ ಎಂದು ಊರೇ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ನಡೆಸಿದರು. ಒಕ್ಕಲಿಗರು, ವೀರಶೈವರು, ಹೀಗೆ ಒಂದೊಂದು ಸಮುದಾಯವೂ ಚಂದಾ ಎತ್ತಿ ತಮ್ಮ ಹುಡುಗರಿಗೆ ಸೂರು ಕಟ್ಟಿತು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಇವತ್ತು ದೇಶವಿದೇಶದಲ್ಲಿರುವ ಜೆಎಸ್‌ಎಸ್ ಸಂಸ್ಥೆಗಳ ಬುಡದಲ್ಲಿರುವುದು ಹಸಿದ ಹುಡುಗರಿಗೆ ಹಾಕಿದ ಆ ಊಟ. ಸಾಲಾಗಿ ಕೂತು, ತಟ್ಟೆ ಮುಂದಿಟ್ಟುಕೊಂಡು, ಮುದ್ದೆ ಸಾರು ಉಣ್ಣುವಾಗ ಬಾಗಿಲಲ್ಲಿ ಕಾಯುವ ಸಂಕೋಚ ಇರಲಿಲ್ಲ. ಅದು ಹಾಸ್ಟೆಲು ಕೊಟ್ಟ ದೊಡ್ಡ ಬಿಡುಗಡೆ. ಮೈಸೂರು ಸೀಮೆಯ ಎಷ್ಟೋ ಮಂತ್ರಿಗಳು, ವಕೀಲರು, ಪ್ರಾಧ್ಯಾಪಕರು ತಮ್ಮ ಮೊದಲ ಭಾಷಣ ಮಾಡಿದ್ದು ಇಂಥ ಹಾಸ್ಟೆಲಿನ ವಾರ್ಡನ್ನಿನ ವಿರುದ್ಧವೇ, ಅದೂ ಸಾರು ನೀರಾಯಿತು ಎಂದು.

ಊಟದ ಜೊತೆಗೆ ಜಗಳವನ್ನೂ ಈ ಕೊಠಡಿಗಳು ಬೆಳೆಸಿದವು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಸಂಸ್ಥಾನದಲ್ಲಿ ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲವಲ್ಲ. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ನಡೆದಾಗ ಬೀದಿಗೆ ಇಳಿದವರಲ್ಲಿ ಓದುವ ಹುಡುಗರು ಬಹಳ. ಧ್ವಜ ಹಾರಿಸಲು ಹೋದ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾದ. ನಾವು ದಿನಾ ಬಸ್ಸು ಇಳಿಯುವ ರಾಮಸ್ವಾಮಿ ವೃತ್ತ ಅವನ ಹೆಸರಿನದು. ಆ ಹೆಸರು ಯಾರದ್ದೆಂದು ಅಲ್ಲಿ ನಿಂತಿದ್ದ ಕಾಲೇಜು ಹುಡುಗರನ್ನು ಕೇಳಿದೆ. ‘ಯಾರೋ ಹಳೇ ಮಿನಿಸ್ಟ್ರು ಇರಬೇಕು ಸರ್’ ಅಂದರು.

ಇನ್ನೊಂದು ಜಗಳ ನಮ್ಮ ಊರಿಗೆ ಹೆಮ್ಮೆ ತರುವಂಥದ್ದಲ್ಲ. 1973ರ ನವೆಂಬರಿನಲ್ಲಿ, ಮಂತ್ರಿಯಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಮಾತಿಗೆ ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಅದರ ಬದಲು ಕಲ್ಲು ಬಿತ್ತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆಯಿತು. ಸಾಹಿತ್ಯದ ಮಾನ ಕಾಪಾಡಲು ಹೊರಟವರು ಸಹಪಾಠಿಗಳನ್ನು ಹೊಡೆದರು. ಆ ಬೂಸಾ ಪ್ರಕರಣದ ಕಾವಿನಲ್ಲೇ ದಲಿತ ಚಳವಳಿ ಗಟ್ಟಿಯಾಯಿತು, ಕನ್ನಡ ಸಾಹಿತ್ಯದ ದಿಕ್ಕೂ ಬದಲಾಯಿತು. ಅದೇ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದವರ ಓದಿಗೆ, ವಸತಿಗೆ ಒತ್ತು ಕೊಟ್ಟಿತು. ವಾರಾನ್ನವೂ ಸಿಗದೆ, ಸ್ವಂತ ಸಮುದಾಯಕ್ಕೆ ಹಾಸ್ಟೆಲು ಕಟ್ಟುವ ಶಕ್ತಿಯೂ ಇಲ್ಲದ ಮನೆಗಳ ಮಕ್ಕಳು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಮೆಟ್ಟಿಲು ಹತ್ತುವುದಕ್ಕೆ ಸರ್ಕಾರಿ ಹಾಸ್ಟೆಲ್ಲೇ ದಾರಿಯಾಯಿತು.

ಇಷ್ಟು ಹೊತ್ತೂ ಹುಡುಗರು, ಹುಡುಗರು ಎಂದೇ ಹೇಳುತ್ತಿದ್ದೇನೆ. ಅದು ಬಾಯಿತಪ್ಪಿ ಬಂದದ್ದಲ್ಲ. ಮಹಾರಾಣಿಯವರ ಹೆಸರಿನಲ್ಲಿ 1881ರಲ್ಲೇ ಹೆಣ್ಣುಮಕ್ಕಳ ಶಾಲೆ ಶುರುವಾದ ಊರು ಇದು, 1901ಕ್ಕೆ ಅಲ್ಲಿ ಕಾಲೇಜೂ ಬಂತು. ಆದರೆ ಹೆಣ್ಣುಮಗಳು ಏಳು ಮನೆ ಸುತ್ತಿ ಊಟ ಮಾಡಿ ಓದುವುದುಂಟೇ? ಮೈಸೂರಿನಲ್ಲಿ ಸೋದರಮಾವನ ಮನೆಯೋ ಚಿಕ್ಕಮ್ಮನ ಮನೆಯೋ ಇದ್ದವಳಿಗೆ ಕಾಲೇಜು, ಇಲ್ಲದವಳಿಗೆ ಮದುವೆ. ನೆಂಟರ ಮನೆಯಲ್ಲಿದ್ದು ಓದಿದವಳೂ ಅಡುಗೆ ಮುಗಿಸಿ, ಪಾತ್ರೆ ತೊಳೆದು, ಮಿಕ್ಕ ಹೊತ್ತಿನಲ್ಲಿ ಓದಿದವಳು. ಅವಳ ಹೆಸರಿನ ಹಿಂದೆ ಯಾವ ವಾರವೂ ಇಲ್ಲ. ಏಳು ದಿನವೂ ಒಂದೇ ಮನೆ, ಏಳು ದಿನವೂ ಕೆಲಸ.

ಈಗಿನ ಹುಡುಗಿ ಬೇರೆ ಥರ ಓದುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅವಳು ದುಡ್ಡು ಕೊಡಬೇಕಿಲ್ಲ. ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಿಂದ ಬೆಳಿಗ್ಗೆ ಹೊರಟು, ನಗರದಲ್ಲಿ ಇನ್ನೊಂದು ಬಸ್ಸು ಹಿಡಿದು ಕ್ಲಾಸಿಗೆ ಬರುತ್ತಾಳೆ. ಪೀಜಿ ವಸತಿಗೆ ಕಟ್ಟಲು ದುಡ್ಡಿಲ್ಲದ ಎಷ್ಟೋ ಮನೆಗಳು ಮಗಳನ್ನು ಎಂ.ಎ.ಗೆ ಕಳಿಸುತ್ತಿರುವುದು ಆ ಶೂನ್ಯ ಟಿಕೆಟ್ಟಿನ ಬಲದ ಮೇಲೆ. ‘ಬಸ್ಸೆಲ್ಲ ಹೆಂಗಸರೇ’ ಎಂದು ಗೊಣಗುವ ಗಂಡಸರು ಬೆಳಗಿನ ಬಸ್ಸಿನಲ್ಲಿ ಆ ಹೆಂಗಸರ ಕೈಯಲ್ಲಿರುವ ಪುಸ್ತಕಗಳನ್ನೂ ಒಮ್ಮೆ ನೋಡಲಿ. ಹಾಗೆಂದು ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಊರಿಗೆ ಬೇರೆ ಬಸ್ಸಿಲ್ಲ. ಹಾಗಾಗಿ ಗ್ರಂಥಾಲಯ, ನಾಟಕ, ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ಹರಟೆ, ವಿದ್ಯಾರ್ಥಿ ಜೀವನ ಎಂದು ನಾವು ಕೊಂಡಾಡುವ ಈ ಸಂಜೆಯ ಭಾಗವೆಲ್ಲ ಅವಳ ಪಾಲಿಗಿಲ್ಲ.

ಊರಲ್ಲೇ ಉಳಿದವರಿಗೆ ಪೀಜಿ ಇದೆ, ಮೆಸ್ ಇದೆ. ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ, ಎಲ್ಲಿ ನೋಡಿದರೂ ಬೋರ್ಡು. ತಿಂಗಳಿಗಿಷ್ಟು ಎಂದು ಕಟ್ಟಿದರೆ ಮಂಚ, ತಿಂಡಿ, ಊಟ. ಯಾರ ಹಂಗೂ ಇಲ್ಲ. ವಾರಾನ್ನದ ಕಾಲವೇ ಚೆನ್ನಾಗಿತ್ತು ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡು ಕೊಟ್ಟು ತಲೆಯೆತ್ತಿ ಉಣ್ಣುವುದು ವಾಸಿ. ಆದರೆ ಸ್ವಂತಕ್ಕೊಂದು ಕೊಠಡಿ ಬೇಕೆಂದು ಬಾಡಿಗೆ ಮನೆ ಹುಡುಕಿ ಹೊರಟ ಹುಡುಗ ಹಳೆಯ ಪ್ರಶ್ನೆಯನ್ನೇ ಎದುರಿಸುತ್ತಾನೆ. ‘ಯಾವ ಊರಪ್ಪ?’ ಎಂದು ಶುರುವಾಗುತ್ತದೆ. ಆಮೇಲೆ ‘ತಂದೆ ಏನು ಮಾಡ್ತಾರೆ?’ ಆಮೇಲೆ ‘ನಾನ್‌ವೆಜ್ ಮಾಡ್ತೀರಾ?’ ಇವು ಮೂರಕ್ಕೂ ಉತ್ತರ ಕೊಟ್ಟ ಮೇಲೂ ಗೊತ್ತಾಗದಿದ್ದರೆ ಪೂರ್ತಿ ಹೆಸರು ಕೇಳುತ್ತಾರೆ. ಹೊಸಿಲಿನ ಒಳಗಿಂದ ಆಡುವ ಈ ಮಾತುಗಳಿಗೆ ನೂರು ವರ್ಷ ವಯಸ್ಸಾಗಿದೆ, ದನಿ ಮಾತ್ರ ನಯವಾಗಿದೆ.

ವಿದ್ಯಾರ್ಥಿಗೆ ಅತಿ ಕಷ್ಟದ ಕಾಲ ಇನ್ನೊಂದಿದೆ. ಅದು ಕ್ಲಾಸು ಶುರುವಾದ ದಿನದಿಂದ ಹಾಸ್ಟೆಲಿನ ಪಟ್ಟಿ ಬರುವ ದಿನದವರೆಗೆ. ಸೀಟು ಸಿಕ್ಕಿದೆ, ಫೀಸು ಕಟ್ಟಾಗಿದೆ, ಮಲಗಲು ಜಾಗವಿಲ್ಲ. ಆಗ ಸೀನಿಯರ್ ಒಬ್ಬನ ಕೊಠಡಿಯಲ್ಲಿ ನೆಲದ ಮೇಲೆ ಚಾಪೆ, ಅವನ ತಟ್ಟೆಯಲ್ಲೇ ಅರ್ಧ ಊಟ. ಒಬ್ಬರ ಹೆಸರಿನ ಮಂಚದ ಸುತ್ತ ಇಬ್ಬರು ಮೂವರು. ನಿಯಮದ ಪ್ರಕಾರ ತಪ್ಪು, ಎಲ್ಲರಿಗೂ ಗೊತ್ತು, ಒಳ್ಳೆಯ ವಾರ್ಡನ್ ನೋಡಿಯೂ ನೋಡದ ಹಾಗೆ ಹೋಗುತ್ತಾರೆ. ಹಳೆಯ ಕಾಲದ ಮನೆಗಳು ಮಾಡುತ್ತಿದ್ದ ಕೆಲಸವನ್ನು ಈಗ ಮಾಡುತ್ತಿರುವವರು ಇವರೇ, ತಾವೇ ಅರ್ಧ ಹೊಟ್ಟೆಯಲ್ಲಿರುವ ಹುಡುಗರು. ಜಾತಿ ಕೇಳುವುದಿಲ್ಲ ಎಂದು ನಾನು ಪೂರ್ತಿ ಹೇಳಲಾರೆ. ಊರು ಯಾವುದು ಎಂದಂತೂ ಕೇಳುತ್ತಾರೆ, ಹೆಚ್ಚಿನವರು ಅಷ್ಟಕ್ಕೇ ನಿಲ್ಲಿಸುತ್ತಾರೆ.

ನಿಮ್ಮಲ್ಲಿ ಮೈಸೂರಿನ ಹಳೆಯ ಮನೆಗಳವರು ಇದ್ದರೆ ಒಂದು ಕೆಲಸ ಮಾಡಿ. ಮನೆಯಲ್ಲಿ ಎಂಬತ್ತು ತೊಂಬತ್ತು ದಾಟಿದ ಹಿರಿಯರಿದ್ದರೆ ಕೇಳಿ, ನಮ್ಮ ಮನೆಗೆ ಯಾವ ವಾರ ಯಾರು ಊಟಕ್ಕೆ ಬರುತ್ತಿದ್ದರು ಎಂದು. ಯಾರನ್ನು ಒಳಗೆ ಬಿಡುತ್ತಿರಲಿಲ್ಲ ಎಂದೂ ಕೇಳಿ. ಎರಡನ್ನೂ ಬರೆದಿಡಿ. ವಿಶ್ವವಿದ್ಯಾನಿಲಯದ ದಫ್ತರದಲ್ಲಿ ಪಾಸಾದವರ ಹೆಸರಿದೆ, ಈ ಲೆಕ್ಕ ಇರುವುದು ನಿಮ್ಮ ಮನೆಗಳಲ್ಲಿ.

ನಮಸ್ಕಾರ.